ಬೇಡ ಎನ್ನಲು ಬಸ್ಸು ಹತ್ತುವವರು

ನಮ್ಮ ಕಾಕಾ ಜನ್ಮದಲ್ಲಿ ಒಂದು ಪದ್ಯ ಬರೆದವರಲ್ಲ. ಆದರೂ ರಾಯಚೂರು ಜಿಲ್ಲೆಯ ಕವಿಗಳು ಪೊಲೀಸರಿಗಿಂತ ಹೆಚ್ಚು ಅವರಿಗೇ ಹೆದರುತ್ತಿದ್ದರು. ಕವಿಗಳಿಗೆ ಪೊಲೀಸರ ಹೆದರಿಕೆ ಯಾಕೆ ಎಂದು ಕೇಳಬೇಡಿ. ನಮ್ಮ ಕಡೆಯ ಆಗಿನ ಕೆಲವು ಪದ್ಯಗಳನ್ನು ನೀವು ಓದಿಲ್ಲ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ರಾಯಚೂರಿನ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. ಎಪ್ಪತ್ತರ ದಶಕದ ಮೊದಲಲ್ಲಿ, ಪೇಟೆಯ ತೀನ್ ಕಂದೀಲ್ ವೃತ್ತದ ಹತ್ತಿರದ ಒಂದು ಛಾಪಖಾನೆಯಿಂದ ತ್ರೈಮಾಸಿಕ ಪತ್ರಿಕೆಯೊಂದನ್ನು ಹೊರಡಿಸತೊಡಗಿದರು. ತ್ರೈಮಾಸಿಕ ಎಂಬುದು ಮುಖಪುಟದ ಮಾತು ಮಾತ್ರ. ಅವರ ಮನಸ್ಸಿಗೆ ಬಂದಷ್ಟು ಒಳ್ಳೆಯ ಬರಹ ಕೂಡಿದರೆ ಬರುತ್ತಿತ್ತು, ಕೂಡದಿದ್ದರೆ ಚಂದಾದಾರರು ಅದನ್ನು ಪೂರ್ತಿ ಮರೆಯುವ ತನಕ ಬರುತ್ತಿರಲಿಲ್ಲ. ಆದರೆ ಅದರಲ್ಲಿ ಒಮ್ಮೆ ಹೆಸರು ಅಚ್ಚಾಯಿತೆಂದರೆ ಸಾಕು, ಗುಲ್ಬರ್ಗದವರು, ಧಾರವಾಡದವರು, ಕೊನೆಗೆ ಬೆಂಗಳೂರಿನವರೂ 'ಯಾರು ಈ ಹೊಸಬ?' ಎಂದು ವಿಚಾರಿಸುತ್ತಿದ್ದರು. ಹೀಗೆ ವಿಚಾರಿಸಿಕೊಂಡವರು ಆಮೇಲೆ ರಾಯಚೂರಿನ ಕಡೆ ತಿರುಗಿ ನೋಡುತ್ತಿರಲಿಲ್ಲ, ಅದು ಬೇರೆ ಮಾತು.

ಸುಳ್ಳು ಹೊಗಳುವುದು ಕಾಕಾಗೆ ಆಗುತ್ತಿರಲಿಲ್ಲ. ಪದ್ಯ ಬರೆಯುತ್ತಿದ್ದ ಒಬ್ಬ ಹಿರಿಯ ಹೆಡ್ ಮಾಸ್ತರರು ತೀರಿಕೊಂಡಾಗ ಊರಲ್ಲಿ ಸಂತಾಪ ಸಭೆ ನಡೆಯಿತು. ಒಬ್ಬರು ಅವರನ್ನು ಮಹಾಕವಿ ಎಂದರು, ಇನ್ನೊಬ್ಬರು ಯುಗಪುರುಷ ಎಂದರು. ಕಾಕಾನ ಸರದಿ ಬಂತು. ಎದ್ದು ನಿಂತು, "ಮನುಷ್ಯಾ ಭಾಳ ಒಳ್ಳ್ಯಾಂವ ಇದ್ದ. ನನಗ ಅಣ್ಣನಂಗ ಇದ್ದ. ಪದ್ಯ ಬಿಲ್ಕುಲ್ ಬರ್ತಿದ್ದಿಲ್ಲ" ಎಂದು ಹೇಳಿ, ಗಳಗಳನೆ ಅತ್ತು ಕುಳಿತುಬಿಟ್ಟರು. ಇಡೀ ಸಭೆಯಲ್ಲಿ ನಿಜವಾಗಿ ಅತ್ತವರು ಅವರೊಬ್ಬರೇ. ಆದರೂ ಅಂದಿನಿಂದ ಊರಿನವರು ಅವರನ್ನು ಸಂತಾಪಕ್ಕೂ ಕರೆಯಲಿಲ್ಲ, ಸನ್ಮಾನಕ್ಕೂ ಕರೆಯಲಿಲ್ಲ. ಮದುವೆಗಳಿಗೂ ಕರೆಯುವುದು ಕಡಿಮೆ ಮಾಡಿದರು. ವರನ ಬಗ್ಗೆ ಎದ್ದು ನಿಂತು ಏನು ಹೇಳಿಬಿಡುತ್ತಾರೋ ಎಂಬ ಹೆದರಿಕೆ ಇದ್ದಿರಬೇಕು.

ಅವರ ಸಂಪಾದಕತನದ ರೀತಿಯನ್ನು ಕೇಳಿದರೆ ನೀವು ನಂಬುವುದಿಲ್ಲ. ಬೇರೆ ಸಂಪಾದಕರು ಬೇಡವಾದ ಬರಹವನ್ನು ಅಂಚೆಯಲ್ಲಿ ಹಿಂದಕ್ಕೆ ಕಳಿಸುತ್ತಾರೆ, ಇಲ್ಲವೇ ಕಸದ ಬುಟ್ಟಿಗೆ ಹಾಕುತ್ತಾರೆ. ಕಾಕಾ ಹಾಗಲ್ಲ. ಬರಹ ಒಪ್ಪಿಗೆಯಾದರೆ ಒಂದು ಕಾರ್ಡು. ಬೇಡವಾದರೆ ತಾವೇ ಬಸ್ಸು ಹತ್ತಿ ಬರೆದವನ ಊರಿಗೆ ಹೋಗಿ, ಅವನ ಮನೆಯಲ್ಲಿ ಕುಳಿತು, ಯಾಕೆ ಬೇಡ ಎಂದು ತಿಳಿಸಿ ಹೇಳಿ, ಕೈಗೆ ಕೊಟ್ಟು ಬರುತ್ತಿದ್ದರು. "ಬ್ಯಾಡ ಅನ್ನೂದನ್ನ ಕಾರ್ಡಿನ್ಯಾಗ ಬರೀಬಾರದವಾ. ಮಾರಿ ನೋಡಿ ಹೇಳಬೇಕು" ಎಂದು ಅಣ್ಣನ ಮಗಳಾದ ನನಗೆ ಹೇಳುತ್ತಿದ್ದರು. ಕಾಕಾ ಮದುವೆಯಾಗಿರಲಿಲ್ಲ. ಹರೆಯದಲ್ಲಿ ಅವರು ಒಂದು ಹುಡುಗಿಯನ್ನು ಮೆಚ್ಚಿ ಬಂದಿದ್ದರಂತೆ, ಆ ಮನೆಯವರು ಕಾರ್ಡಿನಲ್ಲಿ ಒಂದೇ ಸಾಲು ಬರೆದು ಒಲ್ಲೆ ಎಂದಿದ್ದರಂತೆ. ನಮ್ಮವ್ವ ಇದನ್ನು ಹೇಳುವಾಗೆಲ್ಲ ದನಿ ತಗ್ಗಿಸುತ್ತಿದ್ದಳು.

ಹೀಗೆ ರವಿವಾರ ಬಂತೆಂದರೆ ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಗಲಿಗೆ ಜೋಳಿಗೆ ಹಾಕಿ ಬಸ್ ಸ್ಟ್ಯಾಂಡಿಗೆ ಹೊರಡುತ್ತಿದ್ದರು. ಇಂದು ಕವಿತಾಳ, ಮುಂದಿನ ವಾರ ಜಾಲಹಳ್ಳಿ. ದೇವದುರ್ಗದಲ್ಲಿ ಒಬ್ಬ ಬಟ್ಟೆ ಅಂಗಡಿಯ ಸಾಹುಕಾರರು ಪದ್ಯ ಬರೆಯುತ್ತಿದ್ದರು. ಒಮ್ಮೆ ಕಾಕಾ ಬಸ್ಸಿನಿಂದ ಇಳಿಯುವುದನ್ನು ದೂರದಿಂದಲೇ ಕಂಡು ಅವರು ಅಂಗಡಿಯ ಒಳಗೋಣೆ ಸೇರಿ ಪರದೆ ಎಳೆದುಕೊಂಡರು.

"ಸಾಹುಕಾರ್ರು ಊರಾಗ ಇಲ್ರಿ" ಎಂದರು ಗುಮಾಸ್ತರು.

"ಇರಲಿ ಬಿಡ್ರಿ, ಕುಂದರ್ತೀನಿ" ಎಂದು ಕಾಕಾ ಗಾದಿಯ ಮೇಲೆ ಕುಳಿತರು.

ಸುಮ್ಮನೆ ಕುಳಿತರೇ? ಬಟ್ಟೆ ಕೊಳ್ಳಲು ಬಂದವರಿಗೆಲ್ಲ ಸಾಹುಕಾರರ ಪದ್ಯ ಓದಿ ಹೇಳತೊಡಗಿದರು. "ನೋಡವಾ, ಇಲ್ಲಿ ಚಂದ್ರನ್ನ ತಂದಾನ. ಚಂದ್ರ ಬಂದು ಏನು ಮಾಡಿದ? ಏನೂ ಮಾಡಿಲ್ಲ. ಕೆಲಸ ಇಲ್ಲದಾಂವನ್ನ ಕರಿಯೂದು ಯಾಕ?" ಕುಪ್ಪಸದ ಖಣ ನೋಡಲು ಬಂದಿದ್ದ ಹೆಣ್ಣುಮಗಳು ಹೌದೆಂದು ತಲೆಯಾಡಿಸಿದಳು. ಪರದೆಯ ಹಿಂದಿದ್ದವರಿಗೆ ಇನ್ನು ತಡೆಯಲಾಗಲಿಲ್ಲ. "ಚಂದ್ರ ಆಕಿ ನೆನಪಿಗಿ ಬಂದಾನ್ರೀ!" ಎನ್ನುತ್ತ ಈಚೆ ಬಂದೇಬಿಟ್ಟರು. ಆಮೇಲೆ ಮಧ್ಯಾಹ್ನದ ತನಕ ಇಬ್ಬರೂ ಜಗಳಾಡಿ, ಸಾಹುಕಾರರ ಮನೆಯಲ್ಲೇ ಉಂಡರು. ಸಂಜೆ ಅದೇ ಸಾಹುಕಾರರು ಕಾಕಾನನ್ನು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ ಕಳಿಸಿದರು.

ನಾನು ಮದುವೆಯಾಗಿ ರಾಯಚೂರಿಗೇ ಬಂದಿದ್ದೆ. ಕಾಕಾನ ಮನೆಯಿಂದ ಎರಡು ಓಣಿ ಆಚೆಗೆ ನಮ್ಮ ಮನೆ. ಹೋದಾಗಲೆಲ್ಲ ಅವರು ಒಬ್ಬರೇ ಇರುತ್ತಿದ್ದರು. ಅವರು ಕೈಹಿಡಿದು ಬೆಳೆಸಿದವರು ಎಷ್ಟೋ ಮಂದಿ ದೊಡ್ಡವರಾಗಿದ್ದರು. ಆದರೆ ಅವರಿಗೂ ಕಾಕಾಗೂ ಇದ್ದ ನಂಟು ಒಂದು ಕಾರ್ಡಿನಷ್ಟೇ. ಕಾಕಾಗೆ ಒಳಗೆ ಬರ್ರಿ ಎನ್ನುವ ಮನೆಗಳೆಲ್ಲ ಕೆಟ್ಟ ಕವಿಗಳ ಮನೆಗಳೇ ಎಂಬುದು ನನಗೆ ತಿಳಿಯುವಷ್ಟರಲ್ಲಿ ಬಹಳ ವರ್ಷ ಕಳೆದಿದ್ದವು.

ಅವುಗಳಲ್ಲಿ ಮಾನ್ವಿಯ ಮನೆಯೊಂದಿತ್ತು. ಕೂಲಿ ಮಾಡುವವರ ಮನೆತನದಲ್ಲಿ ಮೊದಲು ಓದಿದವರು ಅಲ್ಲಿಯ ಮಾಸ್ತರು. ಪದ್ಯದ ಮೇಲೆ ಪದ್ಯ ಕಳಿಸುತ್ತಿದ್ದರು, ಕಾಕಾ ಒಂದನ್ನೂ ಬಿಡದೆ ಹಿಂದಕ್ಕೆ ಒಯ್ದು ಕೊಡುತ್ತಿದ್ದರು. ಒಂದೆರಡು ಸಲ ನಾನೂ ಜೊತೆಗೆ ಹೋಗಿದ್ದೆ. ಬಸ್ಸು ಮಾನ್ವಿಗೆ ಮೊದಲು ಸಿಗುವ ನೀರಮಾನ್ವಿ ದಾಟುತ್ತಲೇ ಕಾಕಾ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಿದ್ದರು. ಅಲ್ಲಿ ಮಾಸ್ತರ ಹೆಂಡತಿ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದರೆ, ಕಾಕಾ ಪುಂಡಿ ಪಲ್ಯ ಹಚ್ಚಿಕೊಂಡು ತಿನ್ನುತ್ತ ಒಂದೊಂದೇ ಸಾಲನ್ನು ಬಯ್ಯುತ್ತಿದ್ದರು. ಆಕೆಗೆ ಓದು ಬರುತ್ತಿರಲಿಲ್ಲ. "ಬೈರಿ ಯಪ್ಪಾ, ಚಂದಗೆ ಬೈರಿ. ನನ್ನ ಮಾತಂತೂ ಕೇಳಂಗಿಲ್ಲ" ಎಂದು ನಗುತ್ತ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಕೇರಿಯಲ್ಲಿ ಉಂಡು ಬರುತ್ತಾರೆಂದು ನಮ್ಮ ನೆಂಟರಲ್ಲಿ ಕೆಲವರು ಗೊಣಗಿದರು. ಕಾಕಾ ಆ ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟರು. ಹೋಗಲು ಉಳಿದಿದ್ದ ಮನೆಗಳು ಹೀಗೆ ಇನ್ನಷ್ಟು ಕಡಿಮೆಯಾದವು.

ಎಂಬತ್ತರ ದಶಕ ಬಂತು, ಕಾಕಾ ನಿವೃತ್ತರಾದರು. ಒಂದು ದಿನ ಮಾನ್ವಿಯ ಮಾಸ್ತರು ಪದ್ಯ ಬಿಟ್ಟು ಒಂದು ಕಥೆ ಕಳಿಸಿದರು. ರಸ್ತೆ ಕೆಲಸಕ್ಕೆ ಹೋಗುವ ತಾಯಿಯೊಬ್ಬಳಿಗೆ ಒಮ್ಮೆ ಮಗ ಕಲಿಸುವ ಶಾಲೆಯ ಮುಂದೆಯೇ ಕೆಲಸ ಬೀಳುತ್ತದೆ. ಮಗನಿಗೆ ನಾಚಿಕೆಯಾದೀತೆಂದು ಆಕೆ ದಿನವೆಲ್ಲ ಸೆರಗನ್ನು ಮುಖಕ್ಕೆ ಎಳೆದುಕೊಂಡು ಕಲ್ಲು ಹೊರುತ್ತಾಳೆ. ಅಷ್ಟೇ ಕಥೆ. ನಾನು ಹೋದಾಗ ಕಾಕಾ ಅದನ್ನು ಓದಿ ಮುಗಿಸಿ ಸುಮ್ಮನೆ ಕುಳಿತಿದ್ದರು. ಕಣ್ಣು ಕೆಂಪಾಗಿದ್ದವು. ಎದುರಿಗೆ ಬರೆಯದ ಕಾರ್ಡು ಬಿದ್ದಿತ್ತು.

"ಚಲೋ ಇಲ್ಲೇನ್ರಿ ಕಾಕಾ?"

"ಚಲೋ ಅದವಾ. ಇಷ್ಟು ಚಲೋ ಕಥಿ ನಮ್ಮ ಪತ್ರಿಕಿಗಿ ಇನ್ನಾ ಬಂದಿದ್ದಿಲ್ಲ."

"ಮತ್ತ ಕಾರ್ಡ್ ಬರೀರಲ್ಲ, ತಡ ಯಾಕ?"

ಕಾಕಾ ಕಾರ್ಡನ್ನು ಅತ್ತ ಸರಿಸಿದರು. ಆಮೇಲೆ ಮೆಲ್ಲಗೆ, "ಬರದ್ರ ಮಾನ್ವಿಗಿ ಹೋಗೂದು ಹ್ಯಾಂಗ?" ಎಂದರು.

ಎಲ್ಲರನ್ನೂ ಹೆದರಿಸಿಟ್ಟಿದ್ದ ವಿಮರ್ಶಕರು ಅಂದು ನನ್ನ ಕಣ್ಣಿಗೆ ಊರಲ್ಲಿ ಯಾರೂ ಇಲ್ಲದ ಮುದುಕರಂತೆ ಕಂಡರು. ಆದರೆ ಕೆಟ್ಟದ್ದನ್ನು ಒಳ್ಳೆಯದೆನ್ನದವರು ಒಳ್ಳೆಯದನ್ನು ಕೆಟ್ಟದ್ದು ಎಂದಾರೆಯೇ? ಮರುದಿನ ಕಾರ್ಡು ಹಾಕಿದರು. ಕಥೆ ಅಚ್ಚಾಯಿತು. ಬೆಂಗಳೂರಿನವರು ಎಂದಿನಂತೆ ವಿಚಾರಿಸಿದರು. ಮಾಸ್ತರು ಬರೆದದ್ದನ್ನೆಲ್ಲ ಅಲ್ಲಿಂದ ಮುಂದೆ ದೊಡ್ಡ ಪತ್ರಿಕೆಗಳೇ ಕೇಳಿ ತರಿಸಿಕೊಂಡವು.

ಮೆಲ್ಲಗೆ ಉಳಿದವರ ಬರಹಗಳೂ ಬರುವುದು ನಿಂತಿತು, ಪತ್ರಿಕೆಯೂ ನಿಂತಿತು. ಹಿಂದಕ್ಕೆ ಕೊಡಲು ಏನೂ ಇಲ್ಲವಾದ ಮೇಲೆ ಕಾಕಾಗೆ ಬಸ್ಸು ಹತ್ತಲು ನೆಪವೇ ಇಲ್ಲದಾಯಿತು. ರವಿವಾರ ಮಾತ್ರ ಇಸ್ತ್ರಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು.

"ಸುಮ್ಮ ಮಾನ್ವಿಗಿ ಹೋಗಿ ಮಾತಾಡಿಸಿ ಬರ್ರಿ ಕಾಕಾ" ಎಂದೆ.

"ಯಾವ ಕೆಲಸದ ಮ್ಯಾಲ ಹೋಗ್ಲಿ? ನಾ ಏನು ಅವರ ಬೀಗನ?" ಎಂದು ಸಿಡುಕಿದರು.

ಒಂದು ಬೇಸಿಗೆಯ ರವಿವಾರ ನಾನು ಅಲ್ಲೇ ಇದ್ದೆ. ಮಾಸ್ತರ ಹೆಂಡತಿ ಬಂದಳು. ತಂಗಿಯ ಹೆರಿಗೆಗೆಂದು ರಾಯಚೂರಿನ ಆಸ್ಪತ್ರೆಗೆ ಬಂದವಳು ಮನೆ ಕೇಳಿಕೊಂಡು ಬಂದಿದ್ದಳು. ಕಾಕಾ ಗಾಬರಿಯಾಗಿ ಕುರ್ಚಿ ಸರಿಸಿದರು. "ಮಾಸ್ತರ ಹೊಸಾ ಕಥಿ ನೋಡ್ದೆ, ಭಾಳ ಚಲೋ..." ಎಂದು ತೊಡಗಿದರು.

ಆಕೆ ಕೂರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದಳು: "ಕಥಿ ವಿಚಾರ ನನಗ ತಿಳಿಯಂಗಿಲ್ರಿ ಯಪ್ಪಾ. ಬರಿಯೂದು ಅವರು, ರೊಟ್ಟಿ ಬಡಿಯೂದು ನಾನು. ಅವರು ಚಲೋ ಬರದ್ರು ಅಂತ ನೀವು ನನ್ನ ರೊಟ್ಟಿ ಯಾಕ ಬಿಟ್ರಿ?"

ಕಾಕಾ ಆಕೆಗೆಂದು ಸರಿಸಿದ ಕುರ್ಚಿಯಲ್ಲಿ ತಾವೇ ಕುಳಿತುಬಿಟ್ಟರು.

"ಮೂರರ ಬಸ್ಸಿಗಿ ಹೊಂಟೀನಿ" ಎಂದಳು ಆಕೆ. "ಏಳ್ರಿ."

ಕಾಕಾ ಎದ್ದರು. ಜೋಳಿಗೆ ಗೂಟದ ಮೇಲೆಯೇ ಇತ್ತು. ಅದನ್ನು ನೋಡಿದರು, ಮುಟ್ಟಲಿಲ್ಲ. ಬರಿಗೈಯಲ್ಲಿ ಆಕೆಯ ಹಿಂದೆ ಬಸ್ ಸ್ಟ್ಯಾಂಡಿನ ಕಡೆ ನಡೆದರು.