ನಾರಿನ ಮಿಲ್ಲಿನಲ್ಲಿ ಮೂಕಿ ಪಿಚ್ಚರ್

ನನಗೆ ಬಾಯಿ ಜೋರು ಅಂತ ಊರೇ ಹೇಳುತ್ತದೆ. ಕಂಡಕ್ಟರ್ ಹತ್ತಿರ ಜಗಳ ಆಡಬೇಕಾದರೆ ಪಕ್ಕದ ಸೀಟಿನವರೂ ನನ್ನನ್ನೇ ಮುಂದೆ ತಳ್ಳುತ್ತಾರೆ. ಆದರೆ ಸವಿತಾಳ ಎದುರು ಮಾತ್ರ ಈ ಬಾಯಿ ಕೊಬ್ಬರಿಯ ಹಾಗೆ ಒಣಗಿಬಿಡುತ್ತದೆ. ಅವಳು ಅಜ್ಜಂಪುರದವಳು. ಕಡೂರಿನ ಹತ್ತಿರ ತೆಂಗಿನ ನಾರಿನ ಮಿಲ್ಲಿನಲ್ಲಿ ಆರು ವರ್ಷದಿಂದ ಇದ್ದಾಳೆ. ಎಂಟು ತಿಂಗಳ ಹಿಂದೆ ನಾನು ಸೇರಿದ್ದು ಅವಳ ಎದುರಿನ ಮಿಷನ್ನಿಗೆ. ಆ ಸದ್ದಿನಲ್ಲಿ ಪಕ್ಕದಲ್ಲೇ ಸಿಡಿಲು ಹೊಡೆದರೂ ಕೇಳಿಸುವುದಿಲ್ಲ. ನನಗೆ ಅದೇ ಅನುಕೂಲ. ತಲೆ ಬಗ್ಗಿಸಿ ಸಿಪ್ಪೆ ಹಾಕುತ್ತಾ, "ಸವಿತಾ, ನನ್ನ ಮದ್ವೆ ಆಗ್ತೀಯಾ?" ಎಂದು ದಿನಾ ಅಭ್ಯಾಸ ಮಾಡುತ್ತಿದ್ದೆ. ಮಿಷನ್ ನಿಂತರೆ ಬಾಯಿಗೆ ಬರುತ್ತಿದ್ದದ್ದು "ಊಟ ಆಯ್ತಾ?" ಒಂದೇ.

ಹೋದ ವಾರ, ಭಾನುವಾರ ಅವಳನ್ನು ನೋಡಲು ತರೀಕೆರೆಯಿಂದ ಗಂಡು ಬರುತ್ತದೆ ಅಂತ ಗೊತ್ತಾಯಿತು. ಯಾವುದಾದರೂ ಪಿಚ್ಚರ್ ತೋರಿಸಿ ಹೀರೋ ಕೈಲೇ ಹೇಳಿಸೋಣ ಎಂದು ಮೊಬೈಲಿನಲ್ಲಿ ಹುಡುಕಿದಾಗ ಒಂದು ಸಿಕ್ಕಿತು. ಇಸ್ತ್ರಿ ಅಂಗಡಿಯಲ್ಲಿ ಕೂಲಿ ಮಾಡುವ ಹುಡುಗಿ, ಅವಳನ್ನು ಇಷ್ಟಪಟ್ಟ ಸಾಹುಕಾರರ ಹುಡುಗ. ಕಥೆ ಚೆನ್ನಾಗಿತ್ತು, ಸದ್ದೇ ಬರಲಿಲ್ಲ. ಕಡೂರಿನ ರಿಪೇರಿ ಅಂಗಡಿಯಲ್ಲಿ ಅರ್ಧ ದಿನ ಕಾದೆ.

"ಸ್ಪೀಕರ್ ಸರಿಯಾಗೈತೆ ಕಣೋ. ಇದು ಮೂಕಿ ಪಿಚ್ಚರ್, ನಿಮ್ಮ ಮುತ್ತಜ್ಜನ ಕಾಲದ್ದು," ಎಂದ ಅಂಗಡಿಯವನು.

"ಮತ್ತೆ ಬಾಯಿ ಯಾಕೆ ಆಡಿಸ್ತಾರೆ?" ಎಂದೆ. ಅವನು ಮೊಬೈಲ್ ವಾಪಸ್ ಕೊಟ್ಟ.

ಬೇರೆ ಹುಡುಕಲು ಹೊತ್ತಿರಲಿಲ್ಲ. ಶನಿವಾರ ಊಟದ ಹೊತ್ತಿಗೆ ಅದನ್ನೇ ತೋರಿಸಿದೆ. ಹೀರೋ ಒಂದೇ ಕೋಟನ್ನು ದಿನಾ ಇಸ್ತ್ರಿಗೆ ತರುತ್ತಾನೆ, ನಿಲ್ಲುತ್ತಾನೆ, ಹೋಗುತ್ತಾನೆ. ನಡುವೆ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಓದಿದವನ ಹಾಗೆ, "ನಿನ್ನ ರಾಣಿ ಹಂಗೆ ನೋಡ್ಕೊತೀನಿ ಅಂತವ್ನೆ," ಎಂದೆ.

"ಸುಮ್ನಿರು. ಕೋಟು ಆಯ್ತಾ ಅಂದ, ಅಷ್ಟೆ. ಮುಖ ನೋಡಿದ್ರೆ ಗೊತ್ತಾಗಲ್ವಾ?" ಎಂದಳು. "ಆರು ವರ್ಷ ಆ ಮಿಷನ್ ಮುಂದೆ ನಿಂತಿದೀನಿ. ಅಲ್ಲಿ ಕಿವೀಲಿ ಯಾರು ಕೇಳ್ತಾರೆ? ಬಾಯಿ ನೋಡೇ ಎಲ್ರ ಮಾತೂ ತಿಳ್ಕೊಳೋದು."

ಎತ್ತಿದ ಮುದ್ದೆಯ ತುತ್ತನ್ನು ವಾಪಸ್ ಡಬ್ಬಿಗೇ ಇಟ್ಟೆ. "ಎಲ್ರದೂನಾ?"

"ನಿಂದು ದಿನಕ್ಕೆ ನಾಕ್ ಸಲ."

"ಮತ್ತೆ ಏನೂ ಹೇಳ್ಲಿಲ್ಲ?"

"ಅಲ್ಲೇ ಹೇಳ್ದೆ. ನೀನು ತಲೆ ಎತ್ತಿದ್ರೆ ತಾನೆ?"

ಅವಳು ಏನು ಹೇಳಿದಳು ಎಂದು ಕೇಳುವಷ್ಟರಲ್ಲಿ ಮಿಷನ್ ಶುರುವಾಯಿತು. ಮೊದಲ ಸಲ ತಲೆ ಎತ್ತಿದೆ. ಅವಳು ಎದುರಿನಿಂದ ಏನೋ ಉದ್ದಕ್ಕೆ ಬಾಯಾಡಿಸಿದಳು. ಒಂದಕ್ಷರವೂ ತಿಳಿಯಲಿಲ್ಲ. ತಿಳಿದವನ ಹಾಗೆ ತಲೆ ಆಡಿಸಿದೆ. ಸಂಜೆ ಅವಳು ಊರಿನ ರೈಲಿಗೆ ಓಡಿದಳು. ಭಾನುವಾರವೆಲ್ಲ ನಾನು ತರೀಕೆರೆ ಗಂಡನ್ನು ಬೈಯುತ್ತಾ ಮನೆಯಲ್ಲಿ ಮಲಗಿದ್ದೆ.

ಸೋಮವಾರ ಸವಿತಾ ನನ್ನ ಮುಖ ನೋಡಲಿಲ್ಲ. ಊಟಕ್ಕೆ ಕೂತಾಗ ಬಾಯಿಬಿಟ್ಟಳು.

"ತರೀಕೆರೆಯವರಿಗೆ ಬರಬೇಡಿ ಅಂದೆ. ನಿನ್ನ ಮನೆಗೆ ಬಾ ಅಂತ ಮಿಷನ್ ಮುಂದೆ ಅಂದೆ. ನೀನು ತಲೆ ಆಡಿಸ್ದೆ. ಅವ್ವ ಉಪ್ಪಿಟ್ಟು ಮಾಡಿ ಕಾದ್ಲು. ಅಪ್ಪ ಶರ್ಟು ಇಸ್ತ್ರಿ ಮಾಡ್ಸಿದ್ರು ಕಣೋ."

ಈ ಭಾನುವಾರ ಅಜ್ಜಂಪುರಕ್ಕೆ ಹೋಗುತ್ತಿದ್ದೇನೆ. ಅವಳಿಗೆ ಬಾಯಿಮಾತಿನ ಮೇಲೆ ನಂಬಿಕೆ ಹೋಗಿದೆ. ಭಾನುವಾರ ಮನೆಗೆ ಬಾ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾಳೆ, ಒಂದನೇ ಕ್ಲಾಸಿನ ಮಕ್ಕಳಿಗೆ ಬರೆಯುವಷ್ಟು ದಪ್ಪ ಅಕ್ಷರದಲ್ಲಿ.