ಸರದಾರ ಅಡಗಿದ್ದ ಕುಣಿ

ನಮ್ಮ ಕಾಕಾ ಜೀವನದಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಆದರೆ ಅದನ್ನೇ ಮೂವತ್ತು ವರ್ಷ ಹೇಳಿದ!

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಅವನದು ಕೈಮಗ್ಗ. ನೇಯುವವರು ಕಾಲು ಇಳಿಬಿಟ್ಟು ಕೂರಲು ಮಗ್ಗದ ಕೆಳಗೊಂದು ಕುಣಿ ಇರುತ್ತದಲ್ಲ? ಇತಿಹಾಸದ ದೊಡ್ಡ ಸಾಹಸಿಯೊಬ್ಬ ಇದೇ ಓಣಿಯಲ್ಲಿ ಆಡಿ ಬೆಳೆದ, ಚಿಕ್ಕವನಿದ್ದಾಗ ಅಂಜಿ ಇದೇ ಕುಣಿಯಲ್ಲಿ ಅಡಗಿದ್ದ ಎಂಬುದು ಕಾಕಾನ ವಾದ. ಕೊಣ್ಣೂರಿನ ಹತ್ತಿರ ತುಂಬಿದ ಮಲಪ್ರಭೆಯನ್ನು ಕುದುರೆಯ ಮೇಲೆ ದಾಟಿದನಂತಲ್ಲ, ಆ ಸರದಾರ. ಹೆಸರು ಬರೆಯುವುದಿಲ್ಲ, ಬರೆದರೆ ನರಗುಂದದವರು ಮತ್ತೆ ಜಗಳಕ್ಕೆ ಬರುತ್ತಾರೆ!

ಒಮ್ಮೆ ಒಬ್ಬರು ಬಂದೇ ಬಿಟ್ಟಿದ್ದರು. "ಅಂವಾ ನಮ್ಮೂರಾಗ ಹುಟ್ಟ್ಯಾನ್ರಿ!"

"ಹುಟ್ಟಿರಬೇಕ್ರಿ," ಎಂದ ಕಾಕಾ. "ಹುಟ್ಟಿದ ಕೂಡ್ಲೇ ಯಾರರ ಕುದ್ರಿ ಹತ್ತತಾರೇನ್ರಿ? ಬೆಳದಿದ್ದು ಇಲ್ಲೆ! ಕುಂಡರ್ರಿ, ಚಾ ಕುಡೀರಿ."

ಗಡ ನೋಡಲು ಬಂದವರು ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆಂದರೆ ಮುಗಿಯಿತು. ಕಾಕಾ ಲಾಳಿ ಕೈಯಲ್ಲಿ ಹಿಡಿದೇ ಓಡುತ್ತಿದ್ದ. ಹಿಂದಿನಿಂದ ಅವನ ಹೆಂಡತಿ, ನಮ್ಮ ಕಾಕು, ಕೂಗುತ್ತಿದ್ದಳು: "ಹೋಗ್ರಿ, ಹೋಗ್ರಿ! ಸೀರಿ ಸರದಾರ ಬಂದು ನೇಯ್ತಾನ!"

ಧಾರವಾಡದ ಕಡೆಯ ಪ್ರಾಧ್ಯಾಪಕರೊಬ್ಬರು ಪುರಾವೆ ಕೇಳಿದರು. ಕಾಕಾ ಅವರನ್ನೇ ಕುಣಿಗೆ ಇಳಿಸಿದ. ಇಳಿಯುವುದೇನೋ ಇಳಿದರು. ಮೇಲೆ ಬರಬೇಕಲ್ಲ! ಕೊನೆಗೆ ಪಕ್ಕದ ಮನೆಯ ಇಬ್ಬರು ನೇಕಾರರು ಬಂದು ಎಳೆದರು.

"ಸರದಾರ ಹ್ಯಾಂಗ ಹೊರಗ ಬಂದ್ನೋ ಮಾರಾಯಾ?" ಎಂದರು ಪ್ರಾಧ್ಯಾಪಕರು, ಏದುಸಿರು ಬಿಡುತ್ತ.

"ಅವಗ ಆಗ ಏಳ ವರ್ಷ್ರಿ ಸರ. ನಿಮ್ಮಂಗ ಹೊಟ್ಟಿ ಇರ್ಲಿಲ್ಲ!"

ಮೊನ್ನೆ ಕಾಕಾ ಹೋದ. ಮಗ್ಗದ ಮೇಲೆ ಸೀರೆ ಅರ್ಧಕ್ಕೇ ನಿಂತಿತ್ತು. ಖಾಲಿ ಕುಣಿ ಕಣ್ಣಿಗೆ ಬಿದ್ದಾಗಲೆಲ್ಲ ನಾನು ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ದಿನಕರ್ಮ ಮುಗಿದ ಮೇಲೆ ಗಾರೆ ಕೆಲಸದ ಗೌಂಡಿಯನ್ನು ನಾನೇ ಕರೆಸಿದೆ. "ಮುಚ್ಚಿಬಿಡೋಣು ಕಾಕು. ಮ್ಯಾಲೆ ಫರಸಿ ಕಲ್ಲ ಹಾಕಸೋಣು."

ಮೂವತ್ತು ವರ್ಷ ಆ ಕುಣಿಯನ್ನು ಬೈದ ಕಾಕು ಅದರ ಅಂಚಿಗೆ ಬಂದು ಕುಳಿತುಬಿಟ್ಟಳು! "ಮುಚ್ಚೂದಾದ್ರ ನನ್ನೂ ಕೂಡೇ ಮುಚ್ಚು."

"ಸುಳ್ಳ ಕತಿ ಸಲುವಾಗಿ ಹಿಂಗ್ಯಾಕ ಹಟಾ ಮಾಡ್ತಿ?"

"ಸುಳ್ಳ ಅನ್ನೂದು ನನಗ ಗೊತ್ತಿಲ್ಲೇನ? ನಿಮ್ಮವ್ವ ತೀರಿದಾಗ ನಿನಗ ಏಳ ವರ್ಷ. ಈ ಕುಣ್ಯಾಗ ಇಳದು ಕುಂತಿ. ಉಣ್ಣಾಕ ಕರದ್ರೂ ಬರ್ಲಿಲ್ಲ. ಆವಾಗ ನಿಮ್ಮ ಕಾಕಾ ಹೇಳಿದ್ರು, ಸರದಾರನೂ ಅಂಜಿ ಇಲ್ಲೇ ಕುಂತಿದ್ದವ್ವಾ, ಆಮ್ಯಾಲೆ ಎದ್ದು ಹೊರಗ ಬಂದ ಅಂತ. ಅದಕ್ಕೂ ಮೊದಲ ಈ ಮನ್ಯಾಗ ಯಾವ ಸರದಾರನೂ ಇರ್ಲಿಲ್ಲ."

ನಾನು ಕುಣಿಯೊಳಗೆ ಬಗ್ಗಿ ನೋಡಿದೆ.

"ದೊಡ್ಡಾಕಿ ಆದ ಮ್ಯಾಲೆ ನೀ ಯಾರನ್ನರ ಕೇಳಿದ್ರ? ಕೂಸಿಗೆ ಸುಳ್ಳ ಅನಸಬಾರ್ದು ಅಂತ ಊರ ಮಂದಿಗೆಲ್ಲಾ ಹೇಳಕೋತ ಅಡ್ಡಾಡಿದ್ರು."

ಗೌಂಡಿಯನ್ನು ವಾಪಸು ಕಳಿಸಿದೆ. ಆಮೇಲೆ ಕುಣಿಗೆ ಇಳಿದು ಕುಳಿತೆ. ಎಷ್ಟು ಹೊತ್ತೋ ತಿಳಿಯದು. ಅಷ್ಟರಲ್ಲಿ ಬಾಗಿಲಲ್ಲಿ ಯಾರದೋ ದನಿ: "ಸರದಾರ ಅಡಗಿದ್ದ ಮನಿ ಇದ ಏನ್ರಿ?"

ಕಾಕು ನನ್ನ ಮುಖ ನೋಡಿದಳು. ನಾನು ಕಣ್ಣೊರೆಸಿಕೊಂಡು ಎದ್ದು ಹೊರಗೆ ಬಂದೆ.

"ಹೌದ್ರಿ, ಇದ. ಬರ್ರಿ ಒಳಗ."