ಅಜ್ಜಿಯ ಎಡಗಿವಿ ಕುರ್ಲಾಕ್ಕೆ ಹೋದದ್ದು

ಚಪ್ಪಲಿ ಕೊಳ್ಳುವಾಗ ಎರಡು ಕಾಲಿಗೂ ಕೊಳ್ಳುತ್ತೇವೆ. ಕನ್ನಡಕಕ್ಕೆ ಎರಡು ಗಾಜು ಹಾಕಿಸುತ್ತೇವೆ. ಕಿವಿಯ ವಿಷಯ ಬಂದಾಗ ಮಾತ್ರ ‘ಒಂದು ಸಾಕು’ ಎನ್ನುವ ಬುದ್ಧಿ ಎಲ್ಲಿಂದ ಬರುತ್ತದೋ! ನಾನು ದಿನಚರಿ ಬರೆಯುವವಳು. ಸಿಟ್ಟು ಬಂದ ದಿನಕ್ಕೆ ಕೆಂಪು ಗೀಟು ಎಳೆದು ತಿಂಗಳ ಕೊನೆಗೆ ಲೆಕ್ಕ ಹಾಕುತ್ತೇನೆ. ಈ ಸಲ ಗೀಟುಗಳೆಲ್ಲ ಅಪ್ಪನ ಹೆಸರಿಗೇ ಜಮಾ.

ಅಪ್ಪನ ತಾಯಿಗೆ, ಅಂದರೆ ನಮ್ಮ ಅಜ್ಜಿಗೆ, ಹೋಳಿ ಮುಗಿದ ಮೇಲೆ ಬಲಗಿವಿಗೆ ಆಪರೇಷನ್ ಮಾಡಿ ಕಾಕ್ಲಿಯರ್ ಇಂಪ್ಲಾಂಟ್ ಎಂಬ, ಒಳಗೇ ನಾಟುವ ಯಂತ್ರ ಕೂರಿಸಿದರು. ಎಡಗಿವಿಗೆ ಹಳೆಯ ಹಿಯರಿಂಗ್ ಏಡ್ ಇದ್ದೇ ಇತ್ತು. ಅಪ್ಪ ಧಾರವಾಡದವರು, ಮನೆಯಲ್ಲಿ ಯಾವ ವಸ್ತುವೂ ಸುಮ್ಮನೆ ಕೂತಿರುವುದನ್ನು ಅವರು ಸಹಿಸುವುದಿಲ್ಲ. ಹೊಸ ಕುಕ್ಕರ್ ಬಂದರೆ ಹಳೆಯದು ಅತ್ತೆಯ ಮನೆಗೆ, ಹೊಸ ಟೀವಿ ಬಂದರೆ ಹಳೆಯದು ಕಾಕಾನ ಮನೆಗೆ. ಹಾಗೆಯೇ ಅಜ್ಜಿಯ ಹಿಯರಿಂಗ್ ಏಡ್ ಜೋಗೇಶ್ವರಿಯ ನಮ್ಮ ಮನೆಯಿಂದ ಊರಿನ ಇನ್ನೊಂದು ಮೂಲೆಯ ಕುರ್ಲಾಕ್ಕೆ, ಅವಳ ತಮ್ಮ ಗುಂಡಣ್ಣಜ್ಜನ ಕಿವಿಗೆ ಹೋಯಿತು. “ತಲಿಯೊಳಗ ಮಷೀನ್ ಕೂಡಿಸಿದ ಮ್ಯಾಲ ಆ ಡಬ್ಬಿ ಯಾಕ?” ಎಂದರು ಅಪ್ಪ.

ಯಾಕೆಂದು ಮಂಗಳವಾರದ ಭಜನೆಯಲ್ಲಿ ತಿಳಿಯಿತು. ಬಿಲ್ಡಿಂಗಿನ ಹೆಂಗಸರಿಗೆ ಮೊದಲ ಸಾಲು ಎತ್ತಿಕೊಡುವವಳು ಅಜ್ಜಿ. ಪಕ್ಕದಲ್ಲಿ ಕೂತು ದನಿಗೂಡಿಸುವವಳು ನಾನು; ನನ್ನ ಹಾಡಿನಲ್ಲಿ ಅವಳು ಒಮ್ಮೆಯೂ ಕೊಂಕು ತೆಗೆದವಳಲ್ಲ. ಈಗ ಮಾತೇನೋ ಅವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಹಾಡು ಮಾತ್ರ “ತಗಡಿನ ಮ್ಯಾಲ ಹರಳು ಸುರದಂಗ.” ಶ್ರುತಿ ಸಿಗದೆ ಎಲ್ಲೆಲ್ಲೋ ಅಲೆದಳು. ಕಡೆಗೊಂದು ವಾರ ಪಕ್ಕದ ಮನೆಯ ಸುಶೀಲಾ ಮೌಶಿ, “ಅಕ್ಕಾರ, ನೀವು ಆರಾಮ ಕೂಡ್ರಿ,” ಎಂದು ನಯವಾಗಿ ಅವಳ ಕೈಯ ತಾಳ ತೆಗೆದುಕೊಂಡರು. ಅಜ್ಜಿ ಅಂದು ಉಣ್ಣಲಿಲ್ಲ.

ಅವಳನ್ನು ಕಿವಿ ಪರೀಕ್ಷೆಗೆ ಕರೆದೊಯ್ದಾಗ ಆಡಿಯಾಲಜಿಸ್ಟ್ ಮೇಡಂ, ಹಳೆಯ ಏಡ್ ಕೊಟ್ಟುಬಿಟ್ಟದ್ದು ಕೇಳಿ ಹಣೆ ಹಣೆ ಬಡಿದುಕೊಂಡರು. ಮಾತು ಬಿಡಿಸಿಕೊಡುವುದು ಬಲಗಿವಿಯ ಇಂಪ್ಲಾಂಟ್. ದಪ್ಪ ದನಿ, ರಾಗದ ಏರಿಳಿತ ಹಿಡಿಯುವುದು ಎಡಗಿವಿಯಲ್ಲಿ ಇನ್ನೂ ಉಳಿದಿರುವ ಅಷ್ಟಿಷ್ಟು ಶಕ್ತಿ. ಎರಡೂ ಕೂಡಿದರೇ ಹಾಡಂತೆ. ನಾನು ಅಪ್ಪನನ್ನು ನೋಡಿದ ರೀತಿಗೆ ಅವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಅಲ್ಲಿಂದಲೇ ಕುರ್ಲಾಕ್ಕೆ ರಿಕ್ಷಾ ಹಿಡಿದರು.

ಗುಂಡಣ್ಣಜ್ಜನ ಕಿವಿಯಲ್ಲಿ ಅದು ಸೀಟಿ ಹೊಡೆಯುತ್ತಿತ್ತು. ಅಜ್ಜಿಯ ಕಿವಿಯ ಅಳತೆಗೆ ಮಾಡಿಸಿದ ಅಚ್ಚನ್ನು ಹತ್ತಿ ತುರುಕಿ ನಿಲ್ಲಿಸಿದ್ದರು. “ಇದರಾಗ ಏನೂ ಕೇಳಂಗಿಲ್ಲ. ಆದ್ರ ಇದನ್ನ ಹಾಕ್ಕೊಂಡಾಗಿಂದ ಸೊಸಿ ಎದುರಿಗೆ ಬಂದು ಕೂತು ಮಾತಾಡ್ತಾಳ. ಕೊಟ್ಟದ್ದನ್ನ ವಾಪಸ್ ಕೇಳ್ತೀರೇನು?” ಎಂದರು ಗುಂಡಣ್ಣಜ್ಜ.

ಅಜ್ಜಿ ಅಪ್ಪನತ್ತ ಕೈ ತೋರಿಸಿ, “ಗುಂಡ್ಯಾ, ನಿನಗ ನಿನ್ನ ಅಳತೀದ ಮಾಡಸ್ತಾನ ಇವ,” ಎಂದು ತಮ್ಮನ ಕಿವಿ ಹಿಂಡುವವಳಂತೆ ಕೈಹಾಕಿ ಅದನ್ನು ಕಿತ್ತು, ಸೆರಗಿನಲ್ಲಿ ಒರೆಸಿ ಹಾಕಿಕೊಂಡಳು.

ಎರಡನ್ನೂ ಹೊಂದಿಸಿಕೊಳ್ಳಲು ಕೆಲವು ವಾರ ಹಿಡಿಯಿತು. ಆಮೇಲೊಂದು ಮಂಗಳವಾರ ಅಜ್ಜಿ ತಾಳ ಹಿಡಿದು ಮೊದಲ ಸಾಲು ಎತ್ತಿದಳು. ನೇರ, ನಿಷ್ಕಂಪ. ಸುಶೀಲಾ ಮೌಶಿಯೇ ತಲೆದೂಗಿದರು. ಅವಳ ಎರಡು ಕಿವಿಗಾಗಿ ಮನೆಯವರೊಡನೆ ಗುದ್ದಾಡಿದ ನಾನು ಹೆಮ್ಮೆಯಿಂದ ಕಂಠ ಬಿಚ್ಚಿದೆ. ಅಜ್ಜಿ ತಾಳ ನಿಲ್ಲಿಸಿ ನನ್ನತ್ತ ತಿರುಗಿದಳು.

“ಇಷ್ಟು ವರ್ಷ ಎಲ್ಲಾ ಕೂಡಿ ಒಂದ ಗದ್ದಲ ಕೇಳತಿತ್ತು. ಈಗ ಒಬ್ಬೊಬ್ಬರದು ಬ್ಯಾರೆ ಬ್ಯಾರೆ ಕೇಳಸ್ತದ. ನೀ ಚಪ್ಪಾಳಿ ಅಷ್ಟ ಹೊಡಿ, ತಂಗಿ.”

ಆ ದಿನಕ್ಕೂ ಕೆಂಪು ಗೀಟು ಎಳೆದಿದ್ದೇನೆ. ಯಾರ ಹೆಸರಿಗೆ ಜಮಾ ಮಾಡಬೇಕೆಂದು ಇನ್ನೂ ತೋಚಿಲ್ಲ.